“ಮತ್ತೆ ಯಾವಾಗ ಹೋಗುವುದು?” ಎಂದು ಕೇಳುವ ಮೊದಲು



ನಮ್ಮ ಕಡೆ ಗಲ್ಫಿನಿಂದ ಬಂದವರಿಗೆ ಕೇಳುವ ಪ್ರಶ್ನೆಗಳು ಎರಡೇ. “ಯಾವಾಗ ಬಂದದ್ದು?” “ಮತ್ತೆ ಯಾವಾಗ ಹೋಗುವುದು?” ಪೂಜೆ ಮುಗಿದು ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಹತ್ತು ಮಂದಿ ಈ ಎರಡನ್ನೂ ಕೇಳಿ ಆಗಿರುತ್ತದೆ. ರಜೆಯಲ್ಲಿ ಬಂದವರಿಗೆ ಇದರಿಂದ ಬೇಸರವೇನಿಲ್ಲ. ವಾಪಸ್ ಟಿಕೆಟ್ ಕೈಯಲ್ಲಿರುತ್ತದೆ, ತಾರೀಕು ಗೊತ್ತಿರುತ್ತದೆ, ನಗುತ್ತಾ ಹೇಳುತ್ತಾರೆ. ಹೋಗುವ ತಾರೀಕೇ ಇಲ್ಲದವರು ಏನು ಹೇಳಬೇಕು? “ನೋಡಬೇಕು” ಅನ್ನುತ್ತಾರೆ. “ಸ್ವಲ್ಪ ಸಮಯ ಇದ್ದೇವೆ” ಅನ್ನುತ್ತಾರೆ. ಮೂರನೆಯ ಭಾನುವಾರದಿಂದ ಎರಡನೆಯ ಪೂಜೆ ಬಿಟ್ಟು ಬೆಳಗ್ಗಿನ ಮೊದಲ ಪೂಜೆಗೆ ಬರಲು ಶುರು ಮಾಡುತ್ತಾರೆ. ಆಗ ಜನ ಕಡಿಮೆ, ಪ್ರಶ್ನೆಯೂ ಕಡಿಮೆ.

ಕಳೆದ ಒಂದೂವರೆ ವರ್ಷದಲ್ಲಿ ನಮ್ಮ ಚರ್ಚಿನ ವ್ಯಾಪ್ತಿಯಲ್ಲಿ ನಾಲ್ಕೈದು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದಿವೆ. ಕುವೈಟಿನಿಂದ, ದುಬೈಯಿಂದ, ಮಸ್ಕತ್ತಿನಿಂದ. ಯುವ ಸಂಘಟನೆಯ ಕೆಲಸಕ್ಕೆಂದು ಅವರ ಮನೆಗಳಿಗೆ ಹೋದಾಗ ಕೂತು ಮಾತಾಡಿದ್ದೇನೆ. ಯಾರ ಗುರುತೂ ಸಿಗದ ಹಾಗೆ ಬರೆಯುತ್ತೇನೆಂದು ಅವರಿಗೆ ಹೇಳಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಊರಿನಿಂದ ಜನರನ್ನು ಕಳುಹಿಸಿಕೊಡಲು ನಮಗೆ ಚೆನ್ನಾಗಿ ಗೊತ್ತು. ರಜೆಯಲ್ಲಿ ಬಂದವರನ್ನು ಉಪಚರಿಸಲೂ ಗೊತ್ತು. ಇರಲಿಕ್ಕೆಂದೇ ಬಂದವರನ್ನು ಏನು ಮಾಡಬೇಕೆಂದು ಮಾತ್ರ ನಮಗೆ ತಿಳಿದಿಲ್ಲ. ಹಾಗಾಗಿ ಅವರನ್ನು ಸುಮ್ಮನೆ ಅತಿಥಿಗಳಾಗಿಯೇ ಇಟ್ಟುಬಿಡುತ್ತೇವೆ, ವರ್ಷ ಕಳೆದರೂ.

ಇದು ಯಾಕೆ ತಪ್ಪು ಎಂದರೆ, ಗಲ್ಫಿನಿಂದ ವಾಪಸ್ ಬರುವುದು ಆಕಸ್ಮಿಕವೇ ಅಲ್ಲ. ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋದವರು ಅಲ್ಲಿಯೇ ಪೌರರಾಗಿ ಉಳಿಯಬಹುದು. ಗಲ್ಫಿನಲ್ಲಿ ನಮ್ಮಂಥ ಸಾಮಾನ್ಯ ಕೆಲಸಗಾರರಿಗೆ ಆ ದಾರಿ ಇಲ್ಲ. ಕೆಲಸ ಇರುವವರೆಗೆ ವೀಸಾ, ವೀಸಾ ಇರುವವರೆಗೆ ವಾಸ. ಮೂವತ್ತು ವರ್ಷ ಅಲ್ಲಿದ್ದವರ ಕೈಯಲ್ಲೂ ಕೆಲವು ವರ್ಷಕ್ಕೊಮ್ಮೆ ನವೀಕರಿಸುವ ವೀಸಾವೇ ಇರುವುದು. ಅಲ್ಲೇ ಹುಟ್ಟಿದ ಮಗುವಿಗೂ ಅದೇ. ಅಂದರೆ ಮೊದಲ ವಿಮಾನ ಹತ್ತಿದ ದಿನವೇ ವಾಪಸ್ ಬರುವುದು ನಿಶ್ಚಯವಾಗಿರುತ್ತದೆ, ದಿನಾಂಕ ಮಾತ್ರ ಬರೆದಿರುವುದಿಲ್ಲ. ನಮ್ಮ ತಂದೆ ತಾಯಂದಿರ ಕಾಲದಿಂದ ಕಾಸರಗೋಡಿನ ಮನೆಗಳು ಈ ಹಣದಲ್ಲಿ ನಿಂತಿವೆ. ಆದರೂ ಒಬ್ಬರು ಬಂದಾಗ ಊರಿಗೆ ಊರೇ ಆಶ್ಚರ್ಯಪಡುತ್ತದೆ.

ದೊಡ್ಡ ಸುದ್ದಿಯಾದಾಗ ನಾವು ಬೇರೆಯೇ ಆಗಿರುತ್ತೇವೆ. 1990ರ ಆಗಸ್ಟ್ 2ರಂದು ಇರಾಕ್ ಕುವೈಟಿನೊಳಗೆ ನುಗ್ಗಿದಾಗ ನಮ್ಮ ಕಡೆಯವರೂ ಬಸ್ಸುಗಳಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದರು. ಸುಮಾರು 1.7 ಲಕ್ಷ ಭಾರತೀಯರನ್ನು ಹಾಗೆ ಕರೆತರಲಾಯಿತು. ಆಗ ನಾನು ಹುಟ್ಟಿರಲಿಲ್ಲ. ಆದರೆ ಉಟ್ಟ ಬಟ್ಟೆಯಲ್ಲಿ ಬಂದವರ ಮನೆಗೆ ಅಕ್ಕಿ, ತೆಂಗಿನಕಾಯಿ ಕೊಂಡುಹೋದ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 2020ರ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಶುರುವಾದಾಗ ನಮ್ಮ ಗುಂಪಿನ ಹುಡುಗರೇ ಕ್ವಾರಂಟೈನ್‌ನಲ್ಲಿದ್ದವರ ಗೇಟಿನ ಹತ್ತಿರ ಸಾಮಾನು ಇಟ್ಟು ಬಂದದ್ದು ನಿಮಗೆ ನೆನಪಿರಬಹುದು. ಯುದ್ಧ, ರೋಗ ಎಂದರೆ ನಮಗೆ ಅರ್ಥವಾಗುತ್ತದೆ. ಒಬ್ಬ ಮನುಷ್ಯ ಒಂದು ಮಾಮೂಲಿ ಮಂಗಳವಾರ, ಕಂಪನಿ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ ಎಂಬ ಕಾರಣಕ್ಕೆ ಹೆಂಡತಿ ಮಕ್ಕಳ ಜೊತೆ ಬಂದರೆ ಅದು ಸುದ್ದಿಯಲ್ಲ, ಪಿಸುಮಾತು. “ಏನೋ ಆಗಿದೆಯಂತೆ.”

ಆ ಪಿಸುಮಾತಿನ ಅರ್ಧಕ್ಕರ್ಧ ಹಣದ ಬಗ್ಗೆ. ಅಷ್ಟು ವರ್ಷ ಅಲ್ಲಿದ್ದರಲ್ಲ, ಗಂಟು ಎಷ್ಟಿರಬಹುದು? ಬಿ.ಎಸ್ಸಿ. ಓದಿದವನಾದ್ದರಿಂದ ನನಗೆ ಲೆಕ್ಕ ಹಾಕುವ ಚಟ ಉಂಟು. ಒಂದು ಲೆಕ್ಕ ಹಾಕೋಣ. ಯುಎಇ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಸಂಬಳ. ಆದರೆ ಇದು ಕೈಗೆ ಬರುವ ಇಡೀ ಸಂಬಳದ ಮೇಲಲ್ಲ, ಮೂಲ ವೇತನದ ಮೇಲೆ ಮಾತ್ರ. ಬಾಡಿಗೆ ಭತ್ಯೆ, ಊಟದ ಭತ್ಯೆ ಇದಕ್ಕೆ ಸೇರುವುದಿಲ್ಲ. ಮೂಲ ವೇತನ 1,500 ದಿರ್ಹಮ್ ಇರುವ ಒಬ್ಬರು 20 ವರ್ಷ ದುಡಿದಿದ್ದಾರೆ ಎಂದುಕೊಳ್ಳಿ. ದಿನಕ್ಕೆ 50 ದಿರ್ಹಮ್. ಮೊದಲ ಐದು ವರ್ಷಕ್ಕೆ 5,250, ಉಳಿದ ಹದಿನೈದು ವರ್ಷಕ್ಕೆ 22,500, ಒಟ್ಟು 27,750 ದಿರ್ಹಮ್. ಒಂದು ದಿರ್ಹಮಿಗೆ 23 ರೂಪಾಯಿ ಎಂದು ಹಿಡಿದರೆ ಸುಮಾರು 6 ಲಕ್ಷ 38 ಸಾವಿರ ರೂಪಾಯಿ. ಇಪ್ಪತ್ತು ವರ್ಷದ ದುಡಿಮೆಯ ಕೊನೆಯ ಚೆಕ್ ಅದು. ಇಂದು ಕೆಂಪುಕಲ್ಲಿನ ಒಂದು ಸಣ್ಣ ಮನೆ ಕಟ್ಟಲಿಕ್ಕೂ ಅದು ಸಾಲುವುದಿಲ್ಲ.

ಹಾಗಾದರೆ ಉಳಿದ ಹಣ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ಇಲ್ಲೇ ಇದೆ. ತಂಗಿಯ ಮದುವೆ, ತಮ್ಮನ ನರ್ಸಿಂಗ್ ಫೀಸು, ಅಪ್ಪನ ಆಪರೇಷನ್, ಬೋರ್‌ವೆಲ್, ಹಂಚು ತೆಗೆದು ಹಾಕಿದ ಆರ್‌ಸಿಸಿ. ನಮ್ಮ ಚರ್ಚಿನ ಕೆಲವು ಬೆಂಚುಗಳ ಹಿಂಬದಿಯಲ್ಲಿ ಬರೆದಿರುವ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಇಷ್ಟಾದ ಮೇಲೆಯೂ ಕೆಲವರು ವಾಪಸ್ ಬಂದವರ ವಿಷಯ ಬಂದಾಗ ದುಂದುಗಾರ ಮಗನ ಸಾಮತಿಯನ್ನು ನೆನಪಿಸುತ್ತಾರೆ. ಒಂದು ಕೂಟದಲ್ಲಿ ನಾನೇ ಕೇಳಿದೆ. ಅದು ಸರಿಯಲ್ಲ. ಆ ಮಗ ತನ್ನ ಪಾಲು ತೆಗೆದುಕೊಂಡು ಹೋಗಿ ಹಾಳು ಮಾಡಿ ಬಂದವನು. ಇವರು ಬರಿಗೈಯಲ್ಲಿ ಹೋಗಿ, ದುಡಿದದ್ದನ್ನೆಲ್ಲ ಮನೆಗೆ ಕಳಿಸಿ ಬಂದವರು.

ಹಣದ ಈ ತಪ್ಪು ಲೆಕ್ಕ ಚರ್ಚಿನೊಳಗೂ ಬರುತ್ತದೆ. ವಾರ್ಷಿಕ ಹಬ್ಬಕ್ಕೆ ಎರಡು ತಿಂಗಳಿರುವಾಗ ರಸೀದಿ ಪುಸ್ತಕ ಮೊದಲು ಹೋಗುವುದು ಯಾರ ಮನೆಗೆ ಎಂದು ನಮಗೆಲ್ಲ ಗೊತ್ತುಂಟು. ವಾಪಸ್ ಬಂದು ಎಂಟು ತಿಂಗಳಾಗಿದ್ದ ಒಬ್ಬರ ಮನೆಗೆ ಹಾಗೆಯೇ ಹೋದೆವು. ಅವರು ಇಲ್ಲವೆನ್ನಲಿಲ್ಲ. ಹಬ್ಬದ ದಿನ ಎಲ್ಲ ದಾನಿಗಳ ಜೊತೆ ಮುಂದೆ ಹೋಗಿ ಮೇಣದಬತ್ತಿ ಪಡೆದರು. ಆ ತಿಂಗಳು ಅವರ ಮನೆಯಲ್ಲಿ ಒಂದು ಬಳೆ ಸೊಸೈಟಿ ಬ್ಯಾಂಕಿಗೆ ಹೋಗಿತ್ತು ಎಂದು ನನಗೆ ಗೊತ್ತಾದದ್ದು ಬಹಳ ಸಮಯದ ಮೇಲೆ. ಅವರೇ ನಗುತ್ತಾ ಹೇಳಿದರು. ನಾನು ನಗಲಿಲ್ಲ. ಪಾಲನಾ ಪರಿಷತ್ತಿನ ಹಿರಿಯರಲ್ಲಿ ನನ್ನ ವಿನಂತಿ: ಊರಿಗೆ ಬಂದು ನೆಲೆಸಿದವರ ಹೆಸರನ್ನು ಮೊದಲ ಎರಡು ವರ್ಷ ದೊಡ್ಡ ದಾನಿಗಳ ಪಟ್ಟಿಯಿಂದ ನಾವೇ ತೆಗೆದುಬಿಡೋಣ. ಕೊಡುವ ಮನಸ್ಸಿದ್ದವರು ಪೆಟ್ಟಿಗೆಗೆ ಹಾಕಲಿ.

ಇನ್ನು ಮನೆಯೊಳಗಿನ ಮಾತು. ಗಂಡಸರಿಗೆ ಊರು ಬದಲಾಗಿರುತ್ತದೆ. ಇಪ್ಪತ್ಮೂರರ ಪ್ರಾಯದಲ್ಲಿ ಹೋದವರು ನಲವತ್ತೈದಕ್ಕೆ ಬಂದಿದ್ದಾರೆ. ಅಡಿಕೆ ಮರಕ್ಕೆ ಮದ್ದು ಬಿಡುವುದು ಯಾವಾಗ, ಕೆಲಸದವರ ಮಜೂರಿ ಎಷ್ಟು, ಪಂಚಾಯತಿನಲ್ಲಿ ಯಾವ ಕಾಗದಕ್ಕೆ ಯಾರನ್ನು ಕೇಳಬೇಕು, ಒಂದೂ ಗೊತ್ತಿಲ್ಲ. ಒಬ್ಬರು ಅಲ್ಲಿ ಹದಿನೆಂಟು ವರ್ಷ ಟ್ರೈಲರ್ ಓಡಿಸಿದವರು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದಲ್ಲವೇ, ಇಲ್ಲಿ ಸ್ಕೂಟರ್ ಹಿಡಿದರೆ ತಿರುವಿನಲ್ಲಿ ಕೈ ತಾನಾಗಿ ಬಲಕ್ಕೆ ಹೋಗುತ್ತದಂತೆ. ಮಗಳು ಹಿಂದೆ ಕೂತು “ಡ್ಯಾಡಿ, ಎಡಗಡೆ, ಎಡಗಡೆ” ಎಂದು ಹೇಳುತ್ತಾ ಹೋಗುವುದನ್ನು ನೋಡಿದ್ದೇನೆ.

ಹೆಂಗಸರದು ಇನ್ನೂ ಕಷ್ಟ, ಮತ್ತು ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಕ್ಲಿನಿಕ್ಕಿನಲ್ಲೋ ಆಫೀಸಿನಲ್ಲೋ ದುಡಿಯುತ್ತಿದ್ದವರು, ತಮ್ಮದೇ ಬ್ಯಾಂಕ್ ಕಾರ್ಡು, ತಮ್ಮದೇ ಅಡುಗೆಮನೆ. ಇಲ್ಲಿಗೆ ಬಂದ ಮೇಲೆ ಅತ್ತೆಯ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಬೇಕು, ಪೇಟೆಗೆ ಹೋಗಲು ಬಸ್ಸಿನ ಹಣಕ್ಕೂ ಕೈ ಚಾಚಬೇಕು. ಅತ್ತೆಯ ಕಡೆಯಿಂದ ನೋಡಿದರೂ ಕಷ್ಟವೇ. ಹದಿನೈದು ವರ್ಷ ಒಬ್ಬರೇ ನಡೆಸಿದ ಮನೆಗೆ ಒಮ್ಮೆಲೇ ನಾಲ್ಕು ಜನ ಬಂದು ಸ್ವಿಚ್ಚು ಯಾಕೆ ಇಲ್ಲಿ, ನೀರಿಗೆ ಫಿಲ್ಟರ್ ಯಾಕಿಲ್ಲ ಎಂದು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಇದಕ್ಕೆ ಯುವಜನರಾದ ನಮ್ಮಲ್ಲಿ ಮದ್ದಿಲ್ಲ. ಆದರೆ ಸ್ತ್ರೀ ಸಂಘಟನೆಯವರು ಮನಸ್ಸು ಮಾಡಿದರೆ, ಆ ಸೊಸೆಯನ್ನು ವಾರಕ್ಕೊಮ್ಮೆಯಾದರೂ ಮನೆಯಿಂದ ಹೊರಗೆ, ಅವರ ಹೆಸರಿಡಿದು ಕರೆಯುವ ಕಡೆಗೆ, ಕರೆತರಬಹುದು. ಈಗ ಅವರನ್ನು ನಾವು ಕರೆಯುವುದು “ದುಬೈಯವರ ಹೆಂಡತಿ” ಎಂದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮಕ್ಕಳ ವಿಷಯ. ನಮ್ಮ ಊರಿನಲ್ಲಿ ಒಂದು ಮಗುವಿಗೆ ಎಷ್ಟು ಭಾಷೆ ಬೇಕು ಎಂದು ಯೋಚಿಸಿ. ಮನೆಯಲ್ಲಿ ಕೊಂಕಣಿ. ಆಟದ ಬಯಲಿನಲ್ಲಿ ತುಳು. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಬಸ್ಸಿನ ಬೋರ್ಡು, ಆಫೀಸಿನ ಅರ್ಜಿ ಮಲಯಾಳದಲ್ಲಿ. ಇಲ್ಲೇ ಬೆಳೆದ ನಮಗೆ ಇದು ಒಂದು ಲೆಕ್ಕವೇ ಅಲ್ಲ, ಒಂದೇ ವಾಕ್ಯದಲ್ಲಿ ಮೂರನ್ನು ಬೆರೆಸಿ ಮಾತಾಡುತ್ತೇವೆ. ಹನ್ನೊಂದು ವರ್ಷದ ಮಗು ಹೊರಗಿನಿಂದ ಬಂದು ಇದರ ಮಧ್ಯೆ ನಿಂತರೆ ಹೇಗಾಗಬೇಡ! ಯುಎಇಯಲ್ಲಿ ಖಾಸಗಿ ಶಾಲೆಯ ಮಕ್ಕಳೂ ಅರಬಿ ಕಲಿಯಲೇಬೇಕು. ಹಾಗಾಗಿ ನಾನು ನೋಡಿದ ಒಬ್ಬ ಹುಡುಗ ಬಲದಿಂದ ಎಡಕ್ಕೆ ಅರಬಿ ಅಕ್ಷರ ಸರಾಗವಾಗಿ ಬರೆಯುತ್ತಾನೆ, ಇಂಗ್ಲಿಷ್ ಚೆನ್ನಾಗಿ ಓದುತ್ತಾನೆ, ಹಿಂದಿ ಸ್ವಲ್ಪ ಬರುತ್ತದೆ. ಕನ್ನಡದ ‘ಅ’ ಗೊತ್ತಿಲ್ಲ. ಶಾಲೆಯಲ್ಲಿ ಅವನನ್ನು ಚಿಕ್ಕ ಮಕ್ಕಳ ಪುಸ್ತಕ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿದರಂತೆ. ಅವನು ಮನೆಗೆ ಬಂದು ಅಮ್ಮನಿಗೆ ಹೇಳಿದ್ದು, ನಾನು ಇಲ್ಲಿ ದಡ್ಡ ಆಗಿದ್ದೇನೆ ಅಂತ.

ಶಾಲೆಯ ಮಾತು ಶಾಲೆಗೆ ಬಿಡೋಣ. ಚರ್ಚಿನಲ್ಲಿ ಏನಾಗುತ್ತದೆ ನೋಡಿ. ನಮ್ಮ ಕೊಂಕಣಿಯನ್ನು ನಾವು ಬರೆಯುವುದು ಕನ್ನಡ ಲಿಪಿಯಲ್ಲಿ. ಗೀತೆಯ ಪುಸ್ತಕ, ಪ್ರಾರ್ಥನೆಯ ಪುಸ್ತಕ, ವಾಚನದ ಪುಸ್ತಕ, ಕ್ರಿಸ್ತೀ ಶಿಕ್ಷಣದ ಪುಸ್ತಕ, ಎಲ್ಲವೂ ಕನ್ನಡ ಅಕ್ಷರದಲ್ಲಿವೆ. ಕನ್ನಡ ಓದಲು ಬಾರದ ಮಗು ತನ್ನ ತಾಯಿಭಾಷೆಯ ಪೂಜೆಯಲ್ಲೂ ಪುಸ್ತಕ ಹಿಡಿದು ಸುಮ್ಮನೆ ನಿಲ್ಲಬೇಕು. ವಾಚನಕ್ಕೆ ಅವನ ಸರದಿ ಬರುವುದಿಲ್ಲ, ಗಾಯನ ಮಂಡಳಿಗೆ ಸೇರಲು ಆಗುವುದಿಲ್ಲ, ಬೈಬಲ್ ಕ್ವಿಜ್ ಪ್ರಶ್ನೆ ಓದಲು ಬರುವುದಿಲ್ಲ. ಅವನಿಗೆ ಉತ್ತರ ಗೊತ್ತಿರುತ್ತದೆ, ಅದೇ ಬೇಸರದ ಸಂಗತಿ. ಕನ್ನಡ ಲಿಪಿ ಉಳಿಯಬೇಕು, ಗಡಿನಾಡಿನಲ್ಲಿ ನಮ್ಮ ಭಾಷೆ ಉಳಿಯಬೇಕು ಎಂದು ವೇದಿಕೆಯ ಮೇಲೆ ಭಾಷಣ ಮಾಡುವ ನಾವು, ನಮ್ಮದೇ ಬೆಂಚಿನಲ್ಲಿ ಕೂತಿರುವ ಮೂರು ನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಟ್ಟಿಲ್ಲ.

ಆ ಮಕ್ಕಳು ಬಂದದ್ದು ಎಂಥ ಚರ್ಚುಗಳಿಂದ ಎಂಬುದನ್ನೂ ನಾವು ತಿಳಿದುಕೊಳ್ಳಬೇಕು. ದುಬೈಯ ಊದ್ ಮೇಥಾದಲ್ಲಿರುವ ಸಂತ ಮೇರಿ ಚರ್ಚಿನಲ್ಲಿ ಧರ್ಮಶಿಕ್ಷಣಕ್ಕೆ ಬರುವ ಮಕ್ಕಳು ಸಾವಿರಗಟ್ಟಲೆ. ಒಂದು ಪೂಜೆ ಮುಗಿಯುವ ಮೊದಲೇ ಮುಂದಿನದಕ್ಕೆ ಜನ ಸಾಲು ನಿಂತಿರುತ್ತಾರೆ. ಬಹ್ರೇನಿನ ಅವಾಲಿಯಲ್ಲಿ 2021ರ ಡಿಸೆಂಬರ್‌ನಲ್ಲಿ ದೊಡ್ಡ ಮಹಾದೇವಾಲಯವೇ ಉದ್ಘಾಟನೆಯಾಯಿತು. 2019ರ ಫೆಬ್ರವರಿ 5ರಂದು ಅಬುಧಾಬಿಯ ಕ್ರೀಡಾಂಗಣದಲ್ಲಿ ಪೋಪ್ ಫ್ರಾನ್ಸಿಸ್ ಅರ್ಪಿಸಿದ ಪೂಜೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಕಾದು ಹೋದವರು ನಮ್ಮ ನಡುವೆ ಇದ್ದಾರೆ. ಇನ್ನು ಕೆಲವು ಮಕ್ಕಳಿಗೆ ಪೂಜೆ ಎಂದರೆ ಶುಕ್ರವಾರ. ಕುವೈಟಿನಲ್ಲಿ ಈಗಲೂ ಭಾನುವಾರ ಶಾಲೆಯ ದಿನ. ಯುಎಇಯಲ್ಲಿ 2022ರ ಜನವರಿಯಿಂದ ಮಾತ್ರ ಭಾನುವಾರ ರಜೆಯಾದದ್ದು. “ಇಲ್ಲಿ ಫ್ರೈಡೇ ಚರ್ಚ್ ಯಾಕೆ ಬೀಗ?” ಎಂದು ಒಂದು ಚಿಕ್ಕ ಹುಡುಗಿ ಕೇಳಿದಾಗ ನಮ್ಮಲ್ಲಿ ಕೆಲವರು ಜೋರಾಗಿ ನಕ್ಕರು. ಅವಳು ಮತ್ತೆ ಏನೂ ಕೇಳಲಿಲ್ಲ.

ಅಲ್ಲಿಯ ಚರ್ಚುಗಳಲ್ಲಿ ಗುರುಗಳು ಕಡಿಮೆ, ಜನ ಹೆಚ್ಚು. ಅದಕ್ಕೇ ಬಹಳಷ್ಟು ಕೆಲಸ ಸಾಮಾನ್ಯ ವಿಶ್ವಾಸಿಗಳ ಹೆಗಲ ಮೇಲೆ. ವಾಪಸ್ ಬಂದವರಲ್ಲಿ ಒಬ್ಬ ಆಂಟಿ ಹನ್ನೆರಡು ವರ್ಷ ಮೊದಲ ಪರಮಪ್ರಸಾದದ ಮಕ್ಕಳಿಗೆ ಕಲಿಸಿದವರು. ಇನ್ನೊಬ್ಬರು ನೂರಾರು ಜನರ ಸಾಲು, ಪಾರ್ಕಿಂಗು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರ ಮುಖ್ಯಸ್ಥರು. ನಮ್ಮ ಹಬ್ಬದ ದಿನ ರಸ್ತೆಯಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡು ಬೊಬ್ಬೆ ಹೊಡೆಯುವಾಗ ಆ ಅಂಕಲ್ ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ತಾವಾಗಿ ಮುಂದೆ ಬಂದರೆ “ಗಲ್ಫಿನ ಗತ್ತು” ಅನ್ನುತ್ತೇವೆ ಎಂಬ ಹೆದರಿಕೆ ಅವರಿಗೆ. ಹಾಗೆ ಅನ್ನುವವರೂ ನಮ್ಮಲ್ಲಿ ಇದ್ದಾರೆ, ಸುಳ್ಳು ಹೇಳುವುದು ಬೇಡ.

ಬಂದವರ ಕಡೆಯಿಂದಲೂ ತಪ್ಪಿಲ್ಲವೆಂದಲ್ಲ. ಮಾತು ಮಾತಿಗೆ “ಅಲ್ಲಿ ಹೀಗಿಲ್ಲ” ಎಂದರೆ ಕೇಳುವವರಿಗೂ ತಾಳ್ಮೆ ಮುಗಿಯುತ್ತದೆ. ಕರೆಂಟು ಹೋದರೆ ಅಲ್ಲಿ ಹೀಗಿಲ್ಲ, ಫೈಲು ನಿಂತರೆ ಅಲ್ಲಿ ಹೀಗಿಲ್ಲ, ಪ್ರಸಂಗ ಉದ್ದವಾದರೆ ಅಲ್ಲಿ ಹೀಗಿಲ್ಲ. (ಕೊನೆಯದಕ್ಕೆ ನನ್ನ ಸಹಮತ ಉಂಟು, ಫಾದರ್ ಕ್ಷಮಿಸಬೇಕು.) ಕೆಲವರು ಮೊದಲ ಆರು ತಿಂಗಳು ಉಳಿದ ಹಣವನ್ನೆಲ್ಲ ಕಾರಿಗೂ ಗೇಟಿಗೂ ಹಾಕಿ, ಬಂದದ್ದಲ್ಲ, ಬರಬೇಕೆಂದು ಬಂದದ್ದು ಎಂದು ಊರಿಗೆ ತೋರಿಸಲು ಹೊರಡುತ್ತಾರೆ. ಆದರೆ ಊರು ಪ್ರಶ್ನೆ ಕೇಳುವ ರೀತಿಯೇ ಅವರನ್ನು ಆ ಕಡೆಗೆ ತಳ್ಳುತ್ತದೆ ಎಂಬುದೂ ನಿಜ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ನಮ್ಮ ವಾಳೆಯ ಗುರಿಕಾರರು ಕೇಳಿದ್ದು: “ಒಮ್ಮೆಯೂ ವಿಮಾನ ನೋಡದೆ ಇಲ್ಲೇ ಬೀಡಿ ಕಟ್ಟಿ, ಕೂಲಿ ಮಾಡಿ ಬದುಕಿದವರು ಇದ್ದಾರಲ್ಲ, ಅವರನ್ನು ಬಿಟ್ಟು ಇವರ ಬಗ್ಗೆ ಯಾಕೆ ಇಷ್ಟು?” ಸರಿಯಾದ ಪ್ರಶ್ನೆ. ಬಡವರ ಮನೆಗೆ ಹೋಗಲು ನಮ್ಮಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆ, ಅದು ನಿಲ್ಲಬಾರದು, ಅದರ ಹಣ ಬೇರೆಡೆಗೆ ಹೋಗಲೂಬಾರದು. ನಾನು ಕೇಳುತ್ತಿರುವುದು ಹಣವನ್ನಲ್ಲ. ನಮ್ಮ ಸಮಯದಲ್ಲಿ ಕೆಲವು ಶನಿವಾರಗಳನ್ನು. ಮತ್ತು ಒಂದು ಮಾತು: ವಾಪಸ್ ಬಂದವರು ಬಡವರಾಗಿದ್ದರೂ ಬಡವರೆಂದು ಹೇಳಿಕೊಳ್ಳಲಾರರು. ಆ ಸಭೆಯ ಬಾಗಿಲು ಅವರು ತಟ್ಟುವುದಿಲ್ಲ.

ರೂತಳ ಗ್ರಂಥ ಚಿಕ್ಕದು, ನಾಲ್ಕೇ ಅಧ್ಯಾಯ. ಬರಗಾಲದಲ್ಲಿ ಬೆತ್ಲೆಹೇಮಿನಿಂದ ಮೋವಾಬಿಗೆ ಹೋಗಿದ್ದ ನವೊಮಿ ಸುಮಾರು ಹತ್ತು ವರ್ಷದ ನಂತರ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು, ಸೊಸೆಯ ಜೊತೆ ವಾಪಸ್ ಬರುತ್ತಾಳೆ. ಆಗಲೂ ಊರಿಗೆ ಊರೇ ಗದ್ದಲವೆದ್ದು, ಇವಳು ಅವಳೇನಾ ಎಂದು ಹೆಂಗಸರು ಮಾತಾಡಿಕೊಳ್ಳುತ್ತಾರೆ. ತಾನು ತುಂಬಿದವಳಾಗಿ ಹೋಗಿ ಬರಿದಾಗಿ ಬಂದೆ, ಹಳೆಯ ಹೆಸರಿನಿಂದ ಕರೆಯಬೇಡಿ ಎಂದು ನವೊಮಿ ನೇರವಾಗಿ ಹೇಳಿಬಿಡುತ್ತಾಳೆ. ನಮ್ಮವರಿಗೆ ಅಷ್ಟು ಹೇಳುವ ಧೈರ್ಯ ಇಲ್ಲ. ನನಗೆ ಮುಖ್ಯವೆನಿಸುವುದು ಮುಂದಿನ ಭಾಗ. ಆ ಮನೆಯ ಒಲೆ ಹೊತ್ತಿದ್ದು ಸಮಾಧಾನದ ಮಾತಿನಿಂದಲ್ಲ. ಆಗ ಜವೆಗೋಧಿಯ ಕೊಯ್ಲು ನಡೆಯುತ್ತಿತ್ತು. ಹೊಲದಲ್ಲಿ ಹಕ್ಕಲಾಯಲು ಅವರ ನಿಯಮದಲ್ಲೇ ಅವಕಾಶವಿತ್ತು. ಹೊಲದ ಯಜಮಾನ ಬೋವಜನು ಪರದೇಶದ ಆ ಸೊಸೆಗೆ ತೊಂದರೆ ಕೊಡಬೇಡಿ ಎಂದು ಆಳುಗಳಿಗೆ ಹೇಳಿದ. ಬಂದವರು ಕೈ ಹಾಕಲು ಒಂದು ಕೆಲಸ, ನಿಲ್ಲಲು ಒಂದು ಜಾಗ ಇತ್ತು.

ನಮ್ಮ ಕಾಲದ ನಿಯಮಗಳೂ ಇವೆ, ಆದರೆ ನಮ್ಮವರಿಗೆ ತಿಳಿದಿಲ್ಲ. ಇಲ್ಲಿ ಗಡಿನಾಡಿನ ಒಂದು ವಿಚಿತ್ರ ಉಂಟು. ನಮ್ಮ ಪೇಟೆ, ಆಸ್ಪತ್ರೆ, ವಿಮಾನ ನಿಲ್ದಾಣ, ಧರ್ಮಪ್ರಾಂತ್ಯ ಎಲ್ಲವೂ ಮಂಗಳೂರು. ಪತ್ರಿಕೆ ಓದುವುದೂ ಮಂಗಳೂರಿನದು. ಆದರೆ ಸವಲತ್ತು ಕೊಡುವ ಸರಕಾರ ಕೇರಳದ್ದು. ವಾಪಸ್ ಬಂದ ಪ್ರವಾಸಿಗಳಿಗೆ ಕೇರಳದಷ್ಟು ಯೋಜನೆಗಳು ಇರುವ ರಾಜ್ಯ ಕಡಿಮೆ, ಅವುಗಳ ಮಾಹಿತಿ ಹೆಚ್ಚಾಗಿ ಮಲಯಾಳದಲ್ಲಿ ಇರುವುದರಿಂದ ನಮ್ಮ ಕನ್ನಡದ ಮನೆಗಳಿಗೆ ತಲುಪುವುದಿಲ್ಲ. ನೋರ್ಕಾ ಎಂದರೆ ಸರ್ಟಿಫಿಕೇಟಿಗೆ ಮುದ್ರೆ ಹಾಕುವ ಆಫೀಸು ಎಂದಷ್ಟೇ ಹಲವರು ತಿಳಿದಿದ್ದಾರೆ.

ಅದರ ‘ಎನ್‌ಡಿಪ್ರೇಮ್’ ಎಂಬ ಯೋಜನೆಯಲ್ಲಿ, ಕನಿಷ್ಠ ಎರಡು ವರ್ಷ ಹೊರದೇಶದಲ್ಲಿ ದುಡಿದು ವಾಪಸ್ ಬಂದವರು ಇಲ್ಲಿ ಸ್ವಂತ ಉದ್ಯೋಗ ಶುರು ಮಾಡಲು 30 ಲಕ್ಷ ರೂಪಾಯಿವರೆಗಿನ ಯೋಜನೆಗೆ ಬ್ಯಾಂಕ್ ಸಾಲ ಪಡೆಯಬಹುದು. ಶೇಕಡಾ 15ರಷ್ಟು, ಹೆಚ್ಚೆಂದರೆ 3 ಲಕ್ಷ, ಬಂಡವಾಳ ಸಬ್ಸಿಡಿ. ಸರಿಯಾಗಿ ಕಂತು ಕಟ್ಟಿದರೆ ನಾಲ್ಕು ವರ್ಷ ಶೇಕಡಾ 3ರ ಬಡ್ಡಿ ಸಬ್ಸಿಡಿ. ಹಟ್ಟಿ ಕಟ್ಟಿ ದನ ಸಾಕುವವರಿಗೂ, ವರ್ಕ್‌ಶಾಪ್ ತೆರೆಯುವವರಿಗೂ, ಟ್ಯಾಕ್ಸಿ ಇಡುವವರಿಗೂ ಇದು ಉಪಯೋಗ. ವರಮಾನ ಕಡಿಮೆ ಇರುವವರಿಗೆ ‘ಸಾಂತ್ವನ’ ಎಂಬ ಇನ್ನೊಂದು ಯೋಜನೆಯಲ್ಲಿ ಚಿಕಿತ್ಸೆಗೆ, ಮಗಳ ಮದುವೆಗೆ ಒಂದು ಸಲದ ಸಹಾಯ ಸಿಗುತ್ತದೆ. ಪ್ರವಾಸಿ ಕ್ಷೇಮನಿಧಿ ಬೇರೆ. ಅದಕ್ಕೆ 60 ವರ್ಷ ತುಂಬುವ ಮೊದಲೇ ಸೇರಬೇಕು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದವರಿಗೆ 60ರ ಮೇಲೆ ಪಿಂಚಣಿ. ಐವತ್ತೇಳಕ್ಕೆ ಬಂದು, ಇದನ್ನು ಅರುವತ್ತೊಂದರಲ್ಲಿ ಕೇಳಿದವರಿಗೆ ಈಗ ಏನೂ ಇಲ್ಲ. ಪ್ರಾಯ ಮುಗಿದ ಮೇಲೆ ಆಫೀಸಿಗೆ ಅಲೆದು ಪ್ರಯೋಜನವಿಲ್ಲ.

ಬ್ಯಾಂಕಿನ ವಿಷಯವೂ ಒಂದು ಉಂಟು. ಶಾಶ್ವತವಾಗಿ ಊರಿಗೆ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಹಾಗೆಯೇ ನಡೆಸುವ ಹಾಗಿಲ್ಲ, ಬ್ಯಾಂಕಿಗೆ ತಿಳಿಸಿ ಇಲ್ಲಿಯ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು. ‘ಮತ್ತೆ ಹೋಗಬಹುದು’ ಎಂಬ ಆಸೆಯಲ್ಲಿ ಅನೇಕರು ಇದನ್ನು ಮುಂದೂಡುತ್ತಾರೆ.

ಅರ್ಜಿ ಮಲಯಾಳದಲ್ಲಿದೆ ಎಂದು ಹೆದರಬೇಕಾದ್ದಿಲ್ಲ. 1969ರ ಕೇರಳದ ಆಡಳಿತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಬರುತ್ತದೋ ಇಲ್ಲವೋ ಎಂಬುದು ಬೇರೆ ಮಾತು, ಆ ಜಗಳಕ್ಕೆ ಇನ್ನೊಂದು ಲೇಖನ ಬೇಕು. ಸದ್ಯಕ್ಕೆ ಸುಲಭದ ದಾರಿ ಏನೆಂದರೆ, ನಮ್ಮ ಗುಂಪಿನಲ್ಲಿ ಮಲಯಾಳ ಓದಿ ಬರೆಯುವ ಹತ್ತಾರು ಹುಡುಗ ಹುಡುಗಿಯರು ಇದ್ದೇವೆ, ಕಾಲೇಜಿನ ಸ್ಕಾಲರ್‌ಶಿಪ್ಪಿಗೆ ಅಕ್ಷಯ ಕೇಂದ್ರದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸವಾದವರು. ಒಬ್ಬ ಅಂಕಲ್ ಜೊತೆ ಒಂದು ಬೆಳಗ್ಗೆ ಹೋಗಿ, ಪಾಸ್‌ಪೋರ್ಟಿನ ಪುಟಗಳ ಪ್ರತಿ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಜೋಡಿಸಿ ಅರ್ಜಿ ಹಾಕಿಸಿ ಬರುವುದು ನಮಗೆ ದೊಡ್ಡ ಕೆಲಸವಲ್ಲ. ಅಲ್ಲಿ ಹದಿನೆಂಟು ವರ್ಷ ಕಂಪನಿಯ ಪಿಆರ್‌ಒ ಎಲ್ಲ ಕಾಗದ ಮಾಡಿಸಿಕೊಟ್ಟವರಿಗೆ ಇಲ್ಲಿಯ ಕ್ಯೂ ನಿಜಕ್ಕೂ ಭಯ.

ಹಾಗಾಗಿ ಕಳೆದ ಸಭೆಯಲ್ಲಿ ನಾವು ಕೆಲವು ವಿಷಯ ನಿಶ್ಚಯಿಸಿದ್ದೇವೆ, ಫಾದರ್ ಒಪ್ಪಿದ್ದಾರೆ. ಅರ್ಜಿಯ ಕೆಲಸಕ್ಕೆ ಪ್ರತಿ ವಾಳೆಯಿಂದ ಇಬ್ಬರು ಯುವಜನರು. ಯಾರ ಮನೆಗೆ ಹೋದೆವು, ಯಾವ ಅರ್ಜಿ ಹಾಕಿದೆವು ಎಂಬುದನ್ನು ಅವರು ಇನ್ನೊಬ್ಬರಲ್ಲಿ ಹೇಳುವ ಹಾಗಿಲ್ಲ, ವರದಿಯಲ್ಲೂ ಹೆಸರು ಬರುವುದಿಲ್ಲ. ಮುಂದಿನ ಹಬ್ಬದ ಸ್ವಯಂಸೇವಕರ ಜವಾಬ್ದಾರಿ ವಹಿಸಲು ಆ ಅಂಕಲ್ ಅವರನ್ನು ಕೇಳಲು ಅವರ ಮನೆಗೇ ಹೋಗಿದ್ದೆವು. ಮೊದಲು “ನನಗೆ ಇಲ್ಲಿಯ ಕ್ರಮ ಗೊತ್ತಿಲ್ಲ ಮಾರಾಯ” ಅಂದರು. ಹೊರಡುವಾಗ ಗೇಟಿನ ತನಕ ಬಂದು, ಮೈದಾನಕ್ಕೆ ಎರಡನೆಯ ದಾರಿ ತೆರೆಯಲು ಆಗುತ್ತದಾ ಎಂದು ಕೇಳಿದರು.

ಕನ್ನಡ ಓದುವ ಬರೆಯುವ ತರಗತಿ ಶನಿವಾರ ಮಧ್ಯಾಹ್ನ 3ರಿಂದ 4.30ರವರೆಗೆ, ಕ್ರಿಸ್ತೀ ಶಿಕ್ಷಣದ ಕೋಣೆಯಲ್ಲಿ. ಕಲಿಸುವವರಲ್ಲಿ ಗಲ್ಫಿನಲ್ಲಿ ಮಕ್ಕಳಿಗೆ ಪಾಠ ಹೇಳಿದ ಆ ಆಂಟಿಯೂ ಇದ್ದಾರೆ. ಇದುವರೆಗೆ ಆರು ಹೆಸರು ಬಂದಿವೆ, ಅದರಲ್ಲಿ ಒಂದು ಒಬ್ಬ ತಾಯಿಯದು. ಇಲ್ಲೇ ಹುಟ್ಟಿ ಇಂಗ್ಲಿಷ್ ಮೀಡಿಯಂ ಓದಿ ಕನ್ನಡ ಬಾರದ ಮಕ್ಕಳೂ ಬರಬಹುದು, ಅವರ ಸಂಖ್ಯೆ ಇನ್ನೂ ಹೆಚ್ಚಿರಬಹುದೆಂದು ನನ್ನ ಅಂದಾಜು. ಒಂದನೆಯ, ಎರಡನೆಯ ತರಗತಿಯ ಹಳೆಯ ಕನ್ನಡ ಪುಸ್ತಕ, ಹಳೆಯ ಗೀತೆ ಪುಸ್ತಕದ ಹೆಚ್ಚುವರಿ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ಭಾನುವಾರ ಎರಡನೆಯ ಪೂಜೆಯ ನಂತರ ಗಾಯನ ಮಂಡಳಿಯವರ ಕೈಗೆ ಕೊಡಿ. ಹೊದಿಕೆ ಹರಿದಿದ್ದರೂ ಪರವಾಗಿಲ್ಲ, ಬೈಂಡು ನಾವು ಹಾಕಿಸುತ್ತೇವೆ.